ಕೆಂಪು ಪಾಮಿಗೆ ಕಟ್ಟಿದ ಕೊಟ್ಟೆ

ಅದು 2023, ಸೋಗಾನೆಯಲ್ಲಿ ವಿಮಾನ ಇಳಿಯಲು ಶುರುವಾದ ವರ್ಷ. ನಾನು ಶಿವಮೊಗ್ಗದ ಒಂದು ಸಸ್ಯಕ್ಷೇತ್ರದ ಉಸ್ತುವಾರಿಯಲ್ಲಿದ್ದೆ. ನಿವೃತ್ತಿಗೆ ಇನ್ನೆರಡು ವರ್ಷವಿತ್ತು. ರವೀಂದ್ರನಗರದಲ್ಲಿ ಹೊಸ ಮನೆ ಕಟ್ಟಿಸಿದವರಿಗೆಲ್ಲ ಗೇಟಿನ ಎರಡು ಬದಿಗೂ ಪಾಮ್ ಗಿಡ ಬೇಕು. ಯಾವುದು ಅಂದರೆ "ಚೆನ್ನಾಗಿ ಕಾಣೋದು ಕೊಡಿ" ಅನ್ನುವರು. ಚೆನ್ನಾಗಿ ಕಾಣುವುದೆಲ್ಲ ನಮ್ಮ ಡಿಸೆಂಬರ್ ತಡೆಯಬೇಕಲ್ಲ! ಹೇಳಿ ಹೇಳಿ ಸಾಕಾಗಿ, ಯಾವ ಪಾಮ್ ಎಷ್ಟು ಚಳಿ ತಡೆಯುತ್ತದೆ ಅಂತ ಒಂದು ಪಟ್ಟಿ ಬರೆದು ಬಾಗಿಲಿಗೆ ಅಂಟಿಸಿದೆ.

ನಮ್ಮ ಅಂಗಳದ ಥರ್ಮಾಮೀಟರ್ ಬೆಳಗಿನ ಜಾವ ಹನ್ನೆರಡು ಹದಿಮೂರು ಡಿಗ್ರಿಗೆ ಇಳಿಯುತ್ತಿತ್ತು. ಅಷ್ಟಕ್ಕೆ ಈಚಲು ಜಾತಿಯವು ಕ್ಯಾರೇ ಅನ್ನುವುದಿಲ್ಲ. ಫಾಕ್ಸ್‌ಟೇಲ್ ಪಾಮ್ ತಡೆದುಕೊಳ್ಳುತ್ತದೆ. ಅರೆಕಾ ಪಾಮ್ ಕೂಡ ತಡೆಯುತ್ತದೆ, ಎಲೆ ಸ್ವಲ್ಪ ಹಳದಿಯಾಗಬಹುದು. ಅದು ಅಡಿಕೆ ಅಲ್ಲ ಮಾರಾಯ್ರೇ, ಹೆಸರು ಮಾತ್ರ ಹಾಗೆ ಅಂತ ದಿನಕ್ಕೆ ಹತ್ತು ಸಲ ಹೇಳುತ್ತಿದ್ದೆ. ಪಟ್ಟಿಯ ಕೊನೆಯಲ್ಲಿದ್ದದ್ದು ಲಿಪ್‌ಸ್ಟಿಕ್ ಪಾಮ್. ಕಾಂಡವೆಲ್ಲ ಕುಂಕುಮ ಬಳಿದ ಹಾಗೆ ಕೆಂಪು. ಕರಾವಳಿಯ ಬೆಚ್ಚಗಿನ ತೇವದಲ್ಲಿ ಸುಖವಾಗಿರುವ ಗಿಡ. ಹದಿನೈದರ ಕೆಳಗೆ ಹೋದರೆ ಕೊರಗುತ್ತದೆ. ಅದರ ಮುಂದೆ "ಚಳಿಯಲ್ಲಿ ಮುಚ್ಚಿ" ಅಂತ ಬರೆದಿದ್ದೆ. ಇಷ್ಟೇ. ಈ ಎರಡು ಪದವೇ ಆಮೇಲೆ ನನ್ನ ತಲೆ ತಿಂದದ್ದು.

ನವೆಂಬರ್‌ನಲ್ಲಿ ಭದ್ರಾವತಿಯಿಂದ ತಿಮ್ಮಪ್ಪ ಅನ್ನುವ ಹಿರಿಯರು ಸೊಸೆ ಅಶ್ವಿನಿಯನ್ನು ಕರೆದುಕೊಂಡು ಬಂದರು. ಅವಳು ಕುಂದಾಪುರದ ಹುಡುಗಿ, ಏಳು ತಿಂಗಳ ಬಸುರಿ. ಮದುವೆಯಾಗಿ ಬರುವಾಗ ತಾಯಿ ತಮ್ಮ ಅಂಗಳದ ಕೆಂಪು ಪಾಮಿನಿಂದ ಒಂದು ಮರಿ ಕಿತ್ತು ಕೊಟ್ಟಿದ್ದರಂತೆ. ತಾಯಿಮನೆಯ ಆ ಮೂಲ ಗಿಡ ರಸ್ತೆ ಅಗಲ ಮಾಡುವಾಗ ಹೋಯಿತು. ಈಗ ಭದ್ರಾವತಿಯದ್ದೊಂದೇ ಉಳಿದಿತ್ತು. ಹೆರಿಗೆಗೆ ತವರಿಗೆ ಹೊರಟವಳಿಗೆ ಅದರದ್ದೇ ಚಿಂತೆ. ತಿಮ್ಮಪ್ಪ ಎದೆ ತಟ್ಟಿ ಹೇಳಿದರು, "ನೀನು ಕೂಸು ಎತ್ಕೊಂಡು ಬರೋಷ್ಟರಲ್ಲಿ ಹೊಸ ಎಲೆ ಬಿಟ್ಟಿರುತ್ತೆ. ನನ್ನ ಮಾತು." ನಾನು ಪಟ್ಟಿ ತೋರಿಸಿ, "ಚಳಿ ಶುರುವಾದ್ಮೇಲೆ ಮುಚ್ಚಿ ಯಜಮಾನ್ರೇ" ಅಂದೆ. ಅವರು ತಲೆಯಾಡಿಸಿದರು.

ಜನವರಿ ಮೊದಲ ವಾರ ಅವರ ಫೋನ್ ಬಂತು. "ಮೇಡಂ, ಒಂದ್ಸಲ ಬಂದು ನೋಡ್ತೀರಾ?" ಆ ದನಿ ಕೇಳಿಯೇ ಬಸ್ ಹತ್ತಿದೆ.

ಹೋಗಿ ನೋಡಿದರೆ, ಎದೆಯೆತ್ತರದ ಗಿಡದ ನೆತ್ತಿಗೆ ಪ್ಲಾಸ್ಟಿಕ್ ಹೊದಿಸಿ ಬಿಗಿಯಾಗಿ ಕಟ್ಟಿದ್ದರು. ಮಳೆಗಾಲದಲ್ಲಿ ಅಡಿಕೆ ಗೊನೆಗೆ ಕೊಳೆರೋಗ ಬರಬಾರದೆಂದು ಹೀಗೆ ಹೊದಿಸಿ ಕಟ್ಟುವುದಕ್ಕೆ ನಮ್ಮ ಕಡೆ ಕೊಟ್ಟೆ ಕಟ್ಟುವುದು ಅನ್ನುತ್ತಾರೆ. ತಿಂಗಳಿಂದ ಹಗಲೂ ರಾತ್ರಿ ಬಿಚ್ಚಿರಲಿಲ್ಲ. ಒಳಗೆಲ್ಲ ನೀರು ಹನಿಗಟ್ಟಿತ್ತು. ನಾನು ಸುಳಿಯನ್ನು, ಅಂದರೆ ನಡುವಿನ ಎಳೆ ಎಲೆಯನ್ನು, ಮೆಲ್ಲಗೆ ಎಳೆದೆ. ಕೊಳೆತು ನಾರುತ್ತಾ ಕೈಗೇ ಬಂತು. ಪಾಮಿನ ಕಾಂಡಕ್ಕೆ ಇರುವುದು ಒಂದೇ ಸುಳಿ. ಅದು ಹೋದರೆ ಆ ಕಾಂಡ ಹೋದ ಹಾಗೆ.

ನನ್ನ ಬಾಯಿ ಮೊದಲೇ ಜೋರು. "ಅಯ್ಯೋ, ಏನ್ ಯಜಮಾನ್ರೇ ಇದು! ಉಸಿರು ಕಟ್ಟಿಸಿ ಸಾಯಿಸಿದ್ದೀರಲ್ಲ!" ಅಂದುಬಿಟ್ಟೆ.

ಅವರು ಸಿಟ್ಟಾಗಲಿಲ್ಲ. "ತೀರ್ಥಹಳ್ಳಿ ಕಡೆ ನಲವತ್ತು ವರ್ಷ ಕೊನೆಗಾರನಾಗಿ ಅಡಿಕೆ ಮರ ಹತ್ತಿದೀನಿ ಮೇಡಂ. ನಾನು ಕಟ್ಟಿದ ಕೊಟ್ಟೆ ಒಂದೂ ಹಾರಿಹೋಗಿಲ್ಲ. ನೀವು ಮುಚ್ಚಿ ಅಂದ್ರಿ. ನನಗೆ ಗೊತ್ತಿರೋ ಮುಚ್ಚೋದು ಇದೇ."

ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ತಪ್ಪು ಅವರದ್ದಲ್ಲ, ನನ್ನದು. ನಾನು "ಮುಚ್ಚಿ" ಅಂದಾಗ ನನ್ನ ಕಣ್ಣ ಮುಂದೆ ಇದ್ದದ್ದು ಗಾಳಿಯಾಡುವ ಗೋಣಿ, ಅದೂ ರಾತ್ರಿಗೆ ಮಾತ್ರ. ಅವರ ಕಣ್ಣ ಮುಂದೆ ಏನಿದೆ ಅಂತ ನಾನು ಕೇಳಿರಲೇ ಇಲ್ಲ.

ತಿಮ್ಮಪ್ಪ ದನಿ ತಗ್ಗಿಸಿ ಕೇಳಿದರು, "ಇಷ್ಟೇ ಎತ್ತರದ ಇನ್ನೊಂದು ಸಿಗುತ್ತಾ? ಅವಳು ಬರೋದ್ರೊಳಗೆ ನೆಟ್ಟುಬಿಡೋಣ. ಗೊತ್ತಾಗಲ್ಲ." ಸಿಗುತ್ತಿತ್ತು, ಕರಾವಳಿಯ ನರ್ಸರಿಗಳಿಗೆ ಒಂದು ಫೋನ್ ಮಾಡಿದರೆ ಸಾಕಿತ್ತು. ಸುಳ್ಳು ಹೇಳಬಾರದು ಅಂತ ಬರೆಯುವುದು ಸುಲಭ. ನಿಜ ಹೇಳುತ್ತೇನೆ, ಹೂಂ ಅನ್ನಲು ನನಗೂ ಬಾಯಿಗೆ ಬಂದಿತ್ತು. ನನ್ನ ತಪ್ಪೂ ಅದರ ಜೊತೆ ಮುಚ್ಚಿಹೋಗುತ್ತಿತ್ತಲ್ಲ.

ಸುಮ್ಮನೆ ನಿಲ್ಲಲಾರದೆ ಬುಡದ ತರಗೆಲೆ ಸರಿಸಿದೆ. ಅಲ್ಲಿ ಬೆರಳುದ್ದದ ಮರಿ ಇತ್ತು, ಬುಡದಲ್ಲಿ ತಿಳಿಗೆಂಪು. ಈ ಜಾತಿ ಬಾಳೆಯ ಹಾಗೆ ಬುಡದಿಂದ ಮರಿ ಹಾಕುತ್ತದೆ. ಗಾಬರಿಯಲ್ಲಿ ನನಗದು ಮರೆತೇ ಹೋಗಿತ್ತು. "ನೋಡಿ ಇಲ್ಲಿ" ಅಂದೆ. ಅವರು ಮೊಣಕಾಲೂರಿ ತುಂಬಾ ಹೊತ್ತು ನೋಡಿದರು. "ಬೇರೆ ಗಿಡ ಬೇಡ ಮೇಡಂ. ಇದನ್ನೇ ಉಳಿಸೋಣ" ಅಂದರು.

ಸತ್ತ ಕಾಂಡ ಕತ್ತರಿಸಿ ಗಾಯಕ್ಕೆ ತಾಮ್ರದ ಔಷಧಿ ಹಚ್ಚಿದೆವು. ಮೂರು ಕೋಲು ನೆಟ್ಟು, ಗಿಡಕ್ಕೆ ತಾಗದಂತೆ ಗೋಣಿ ಹೊದಿಸುವುದನ್ನು ಅವರ ಕೈಯಲ್ಲೇ ಮಾಡಿಸಿದೆ. ಸಂಜೆ ಹಾಕುವುದು, ಬಿಸಿಲು ಬಂದ ಮೇಲೆ ತೆಗೆಯುವುದು. ಒಂದು ಥರ್ಮಾಮೀಟರನ್ನೂ ಕೊಟ್ಟು ಬಂದೆ. ಮರುದಿನದಿಂದ ಬೆಳಿಗ್ಗೆ ಫೋನ್: "ಮೇಡಂ, ಹದಿಮೂರು." "ಮೇಡಂ, ಹನ್ನೆರಡೂವರೆ, ಏನ್ ಗತಿ?" ಕಾಫಿಗೆ ಮೊದಲು ನನಗೆ ಅವರ ಡಿಗ್ರಿ ಬೇಕಾಗತೊಡಗಿತು. ಫೆಬ್ರವರಿ ಕೊನೆಗೆ, "ಹದಿನೆಂಟು ಮೇಡಂ, ಬದುಕಿಕೊಂಡ್ವಿ" ಅಂದರು. ಗಿಡದ ಜೊತೆ ತಮ್ಮನ್ನೂ ಸೇರಿಸಿಕೊಂಡಿದ್ದರು.

ಏಪ್ರಿಲ್‌ನಲ್ಲಿ ಅಶ್ವಿನಿ ಮಗು ಎತ್ತಿಕೊಂಡು ಬರುವ ದಿನ ನನ್ನನ್ನೂ ಕರೆದರು. "ನೀವು ಪಕ್ಕದಲ್ಲಿದ್ರೆ ಧೈರ್ಯ" ಅಂದರು. ನನಗೂ ಹೇಳುವುದಿತ್ತು, ಹೋದೆ. ಅವಳು ಗೇಟು ದಾಟಿದ್ದೇ ತಡ, ಅವರು ಕೈ ಮುಗಿದು ನಿಂತು, "ನಿಮ್ಮಮ್ಮ ಕೊಟ್ಟಿದ್ದನ್ನ ನಾನೇ ಕೊಂದೆ ಕಣಮ್ಮ. ಕೊಟ್ಟೆ ಕಟ್ಟಿ ಸುಳಿ ಕೊಳೆಸಿಬಿಟ್ಟೆ" ಅಂದರು. "ಸರಿಯಾಗಿ ಹೇಳದೇ ಇದ್ದದ್ದು ನಾನು" ಅಂದೆ. ಅವಳು ಗಿಡದ ಹತ್ತಿರ ಹೋದಳು. ಕತ್ತರಿಸಿದ ಮೊಂಡು ನೋಡಿದಳು. ಕಣ್ಣು ತುಂಬಿತು. ಪಕ್ಕದಲ್ಲಿ ಒಂದು ಗೇಣು ಎತ್ತರದ ಮರಿ ಹೊಸ ಎಲೆ ಬಿಚ್ಚಿತ್ತು. ಬಗ್ಗಿ ಅದನ್ನು ಮುಟ್ಟಿದಳು.

ಆಮೇಲೆ ಎದ್ದು, ಮೂರು ತಿಂಗಳ ಕೂಸನ್ನು ಅವರ ಕೈಗಿಟ್ಟಳು. ಹೊರಗೆ ಧಗಧಗ ಬಿಸಿಲು. ಆದರೂ ತಿಮ್ಮಪ್ಪನವರ ಕೈ ತಾನಾಗಿ ಶಾಲನ್ನು ಮಗುವಿನ ತಲೆಯ ಮೇಲೆ ಎಳೆಯಿತು.

"ಮಾವ, ಮುಚ್ಚಿ" ಅಂದಳು ಅಶ್ವಿನಿ. "ಆದ್ರೆ ಮುಖ ಬಿಟ್ಟು."

ಅವರು ನಕ್ಕರು, ನಗುತ್ತಲೇ ಅತ್ತರು. ನಾನೂ ಸೆರಗಿನಿಂದ ಕಣ್ಣು ಒರೆಸಿಕೊಂಡೆ, ಅದರಲ್ಲಿ ನಾಚಿಕೆಯೇನು?

ಮರುದಿನವೇ ಬಾಗಿಲಿನ ಪಟ್ಟಿಯನ್ನು "ರಾತ್ರಿ ಮಾತ್ರ, ಗಾಳಿಯಾಡುವ ಗೋಣಿಯಿಂದ ಮುಚ್ಚಿ" ಅಂತ ತಿದ್ದಿದೆ. ಈಗ ನಿವೃತ್ತಿಯಾದರೂ ಯಾರಿಗೇ ಸಲಹೆ ಕೊಡಲಿ, "ಹೇಗೆ ಮಾಡ್ತೀರಿ, ಒಂದ್ಸಲ ಮಾಡಿ ತೋರ್ಸಿ" ಅನ್ನುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ, ಬರಲಿ. ಹೇಳಿದ್ದು ಅವರಿಗೆ ಹೇಗೆ ಕೇಳಿಸಿತು ಅಂತ ತಿಳಿದುಕೊಳ್ಳುವವರೆಗೂ ನನ್ನ ಕೆಲಸ ಮುಗಿಯುವುದಿಲ್ಲ ಅಂತ ನನಗೆ ಕಲಿಸಿದ್ದು ಆ ಗಿಡ.

ಕಳೆದ ಚಳಿಗಾಲದಲ್ಲೂ ಬೆಳಿಗ್ಗೆ ಫೋನ್ ಬಂತು. "ಮೇಡಂ, ಹದಿಮೂರು. ಮುಖ ಬಿಟ್ಟೇ ಮುಚ್ಚಿದೀನಿ." ಗಿಡಕ್ಕೋ ಮೊಮ್ಮಗಳಿಗೋ ಅಂತ ನಾನು ಕೇಳಲಿಲ್ಲ.