ಟ್ರಂಕಿನೊಳಗಿನ ಚೀಲಗಳು

ಕಂಪ್ಲಿಯಲ್ಲಿ ನಮ್ಮ ಮನೆ ಹೊಳೆಯ ದಂಡೆಗೇ ಇದೆ. ಡ್ಯಾಮಿನಿಂದ ಹೆಚ್ಚು ನೀರು ಬಿಟ್ಟರೆ ಮನೆ ಬಿಟ್ಟು ಹೊರಡಬೇಕು. ನಮ್ಮತ್ತೆ ಗಾಳೆಮ್ಮನಿಗೆ ಓದಲು ಬರುವುದಿಲ್ಲ. ಅದಕ್ಕೇ ಯಾವುದು ಯಾರದೆಂದು ಬಟ್ಟೆ ನೋಡಿಯೇ ತಿಳಿಯಲೆಂದು ಅವರು ಮನೆಯ ಒಬ್ಬೊಬ್ಬರ ಹಳೇ ಬಟ್ಟೆಯಲ್ಲಿ ಒಂದೊಂದು ಚೀಲ ಹೊಲಿದು, ಅವರವರ ಕಾಗದಪತ್ರಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅದರಲ್ಲಿಡುತ್ತಾರೆ. ನನ್ನ ಗಂಡನ ಚೀಲ ಅವನ ಶಾಲೆಯ ಖಾಕಿ ಚಡ್ಡಿಯದು.

ಮದುವೆಯಾಗಿ ಬಂದ ವಾರವೇ ನನ್ನದೊಂದು ಹಳೇ ಲಂಗ ಕೇಳಿದರು. ಬಂದ ಕೂಡಲೇ ನನ್ನ ಬಟ್ಟೆಗೆ ಕತ್ತರಿಯೇ ಎಂದು ಮುಖ ಊದಿಸಿಕೊಂಡಿದ್ದೆ. ಮರುದಿನ ನನ್ನ ಆಧಾರ್, ಮಾರ್ಕ್ಸ್ ಕಾರ್ಡು ಲಂಗದ ಚೀಲ ಸೇರಿ, ಟ್ರಂಕಿನಲ್ಲಿ ಖಾಕಿ ಚೀಲದ ಪಕ್ಕ ಕುಳಿತಿದ್ದವು.

ಅತ್ತೆ ಟ್ರಂಕಿನ ಕೀಲಿ ನನ್ನ ಕೈಗಿಟ್ಟರು. “ನೀರು ಬಂದ್ರ ಇವನ್ನ ತಗಂಡು ನೀ ಮುಂದ ನಡಿ. ನಾ ಎಮ್ಮಿ ಹಿಡಕಂಡು ಬರ್ತೀನಿ.”

ತಳದಲ್ಲಿ ಬಿಳಿ ಅಂಗಿಯ ಚೀಲವೊಂದಿತ್ತು. ತೀರಿಹೋದ ಮಾವನದು. ಹೊಲ ಮಗನ ಹೆಸರಿಗಾದ ಮೇಲೆ ಅದರ ಕಾಗದಗಳೆಲ್ಲ ಖಾಕಿ ಚೀಲಕ್ಕೆ ಹೋಗಿದ್ದವು.

“ಇದ್ರಾಗ ಏನೂ ಇಲ್ಲಲ್ರಿ ಅತ್ತಿ. ತೆಗೆದಿಡ್ಲೇನ್ರಿ?”

ಅತ್ತೆ ಅದನ್ನು ಇಸಿದುಕೊಂಡು, ಕೈಯಿಂದ ಸುಕ್ಕು ತೀಡಿ, ಈ ಸಲ ಎಲ್ಲಕ್ಕಿಂತ ಮೇಲೆ ಇಟ್ಟರು.

“ಅದೂ ಬರ್ಲಿ ಬಿಡವ್ವ. ನಿನಗೇನು ಭಾರ ಆಗಂಗಿಲ್ಲ.”