ಗೋಡೆಯ ಮೂರು ಕಂಡಿಗಳು

ಹಾಸನ ಸೀಮೆಯ ಇತಿಹಾಸವೆಂದರೆ ಹೊಯ್ಸಳರ ಕಲ್ಲು, ಶಾಸನಗಳ ಸಾಲು ಎಂದು ನಂಬಿರುವ ನಮ್ಮ ನಡುವೆ, ಶಾಸನವೂ ಇಲ್ಲದ, ಪ್ರವಾಸಿಗರೂ ನಿಲ್ಲದ ಒಂದು ಮುರುಕು ಇಟ್ಟಿಗೆ ಗೋಡೆಯ ಬಳಿಗೆ ಹತ್ತೊಂಬತ್ತು ವರ್ಷ ಹೋಗಿಬಂದವರು ನನ್ನ ಗುರುಗಳಾದ ಪ್ರೊ. ಶಾಂತರಾಜು ಅವರು. ಅವರ ವಿದ್ವತ್ತನ್ನು ಅಳೆಯುವ ಯೋಗ್ಯತೆ ನನಗಿಲ್ಲ. ಅವರ ಅಳತೆ ಟೇಪಿನ ಇನ್ನೊಂದು ತುದಿಯನ್ನು ಹಿಡಿದವಳೆಂಬ ಸಲುಗೆಯಿಂದ ಅವರ ಅಭಿನಂದನ ಗ್ರಂಥಕ್ಕೆ ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ಅವರು ಚನ್ನರಾಯಪಟ್ಟಣದಲ್ಲಿ ಇತಿಹಾಸದ ಅಧ್ಯಾಪಕರಾಗಿ ಸೇರಿ, ಅರಕಲಗೂಡಿನಲ್ಲಿ ಒಂಬತ್ತು ವರ್ಷ ಕಳೆದು, ಹೊಳೆನರಸೀಪುರಕ್ಕೆ ಬಂದಾಗ ನಾನು ಅವರ ವಿದ್ಯಾರ್ಥಿನಿಯಾದೆ. ಹಳ್ಳಿಮೈಸೂರಿನ ಮಕ್ಕಳ ಬಸ್ಸು ತಡವಾಗುತ್ತದೆಂದು ಅವರು ಹಾಜರಿ ಪುಸ್ತಕವನ್ನು ಪಾಠದ ಕೊನೆಗೆ ತೆರೆಯುತ್ತಿದ್ದರು. ತರಗತಿಯಲ್ಲಿ ಬಾಯಿ ಬಿಡದ ನನ್ನನ್ನು ಒಮ್ಮೆಯೂ ಎಬ್ಬಿಸಿ ನಿಲ್ಲಿಸಲಿಲ್ಲ. ಚೀಟಿಯಲ್ಲಿ ಪ್ರಶ್ನೆ ಬರೆದುಕೊಡಲು ಹೇಳಿದರು. ಮರುದಿನ ಆ ಚೀಟಿ ಅವರದೊಂದು ಪ್ರಶ್ನೆ ಹೊತ್ತು ಹಿಂದಿರುಗುತ್ತಿತ್ತು.

ಅಮೆರಿಕ ಖಂಡದ ಒಣ ಸೀಮೆಗಳಲ್ಲಿ ಸ್ಪೇನಿನವರು ಮತಪ್ರಚಾರಕ್ಕೆಂದು ಕಟ್ಟಿದ ಮಿಷನ್ ಠಾಣ್ಯಗಳ ಪಾಠವನ್ನು ಅವರಿಂದಲೇ ಕೇಳಬೇಕು. ಹಸಿ ಇಟ್ಟಿಗೆಯ ಮೊಳದಗಲದ ಗೋಡೆ, ನಡುವೆ ಅಂಗಳ, ಒಂದು ಬದಿಗೆ ಇಗರ್ಜಿ, ಇನ್ನೊಂದು ಬದಿಗೆ ಕಣಜ, ಕಮ್ಮಾರಸಾಲೆ, ಸಿಪಾಯಿಗಳ ಕೋಣೆ. ಗೋಪುರ ಕಟ್ಟುವ ಶಕ್ತಿಯಿಲ್ಲದ ಕಡೆ ಮುಂಗೋಡೆಯನ್ನೇ ಎತ್ತರಿಸಿ, ಅದರಲ್ಲಿ ಕಮಾನಿನ ಕಂಡಿ ಬಿಟ್ಟು ಗಂಟೆ ತೂಗುಹಾಕುತ್ತಿದ್ದರಂತೆ. ಇಷ್ಟನ್ನೂ ಬೋರ್ಡಿನ ಮೇಲೆ ಬರೆದು, ಕೈಗೆ ಹತ್ತಿದ ಸೀಮೆಸುಣ್ಣ ಒರೆಸಿಕೊಳ್ಳುತ್ತಾ ಅವರು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಕಟ್ಟಿಸಿದ ಪಾದ್ರಿಯ ಹೆಸರು ಪುಸ್ತಕದಲ್ಲಿದೆ. ಇಟ್ಟಿಗೆ ಹೊತ್ತವರು ಯಾರು?"

ರಾಮನಾಥಪುರದ ಆಚೆ, ಹೊಗೆಸೊಪ್ಪಿನ ಹೊಲಗಳ ನಡುವೆ 'ಪಾದ್ರಿಮನೆ' ಎಂದು ಕರೆಯುವ ಪಾಳು ಕಟ್ಟಡವೊಂದಿದೆ. ಯಾವ ಪಾದ್ರಿ, ಯಾವ ಕಾಲ, ಯಾರಿಗೂ ತಿಳಿಯದು. ನಡುವೆ ಕೆಲವು ವರ್ಷ ಕಾವು ಕೊಟ್ಟು ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಕೂಡ ಆಗಿತ್ತು. ಅದರ ಮುಂಗೋಡೆಯ ನೆತ್ತಿಯಲ್ಲಿದ್ದ ಮೂರು ಕಮಾನಿನ ಕಂಡಿಗಳನ್ನು ಕಂಡು ಸರ್ ನಿಂತುಬಿಟ್ಟರು. ಕಾವೇರಿ ದಡಕ್ಕೆ ಸ್ಪೇನಿನ ಪಾದ್ರಿಯೊಬ್ಬ ಬಂದಿದ್ದನೇ? ಈ ಕುತೂಹಲವೇ ಹತ್ತೊಂಬತ್ತು ವರ್ಷದ ಶ್ರಮವಾಯಿತು. ಆ ಶ್ರಮ ಪುಸ್ತಕವಾಗಿ, ಅವರ ನಿವೃತ್ತಿಯ ದಿನ ಬಿಡುಗಡೆಯಾಗಬೇಕಿತ್ತು. ಹಸ್ತಪ್ರತಿಯನ್ನು ಟೈಪು ಮಾಡಿದವಳು ನಾನು.

ಕಳೆದ ಫೆಬ್ರವರಿಯಲ್ಲಿ ಕರಡಚ್ಚು ಹಿಡಿದು ಕೊನೆಯ ಫೋಟೋ ತೆಗೆಯಲು ಹೋದೆವು. ಪಕ್ಕದ ಮನೆಯ ಶಿವಗಂಗಮ್ಮನವರು ಎಂದಿನಂತೆ ಮಜ್ಜಿಗೆ ತಂದರು. ಎಂಬತ್ತು ದಾಟಿದ ಆ ತಾಯಿ ಸರ್ ಕೈಯಾರೆ ಬರೆದ ಮುಖಪುಟದ ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು ನಕ್ಕರು.

"ಇದೇನ್ ಸಾ, ಗಂಟೆ ನೇತಾಕ್ಬುಟ್ಟಿದ್ದೀರಿ?"

"ಪಾದ್ರಿಗಳು ಗಂಟೆ ಕಟ್ಟೋಕೆ ಬಿಟ್ಟ ಕಂಡಿ ಅಲ್ವೇನಮ್ಮ ಅವು?"

"ಯಾವ ಪಾದ್ರಿ? ನಮ್ಮ ಮಾವ ಈಶ್ವರಯ್ಯ ಒಡ್ಸಿದ್ದು ಕಣಪ್ಪ. ಸೊಪ್ಪು ಬೇಯ್ವಾಗ ಆವಿ ಓಗ್ಬೇಕಲ್ಲ? ನಾನು ಮದ್ವೆಯಾಗಿ ಬಂದ ವರ್ಸ. ಆ ಕಮಾನಿನ ಇಟ್ಟಿಗೆ ಅಷ್ಟೂವೆ ತಲೆ ಮ್ಯಾಲೆ ಒತ್ಕಂಡ್ ಬಂದೋಳು ನಾನೇಯ. ಅಲ್ಲ ಸಾ, ನಮ್ಮ ಮಾವನ್ನ ಪಾದ್ರಿ ಮಾಡ್ಬುಟ್ರಲ್ಲ!"

ನಾನು ಮೆಲ್ಲಗೆ, "ಅಜ್ಜಿಗೆ ನೆನಪು ತಪ್ಪಿರಬಹುದು ಸರ್" ಎಂದೆ. ಹಾಗೆ ಅಂದದ್ದಕ್ಕೆ ಇಂದಿಗೂ ನಾಚಿಕೆಯಿದೆ. ಸರ್ ಏಣಿ ತರಿಸಿ ತಾವೇ ಹತ್ತಿ, ಕಂಡಿಯ ಅಂಚಿನ ಗಾರೆಯನ್ನು ಕುಡುಗೋಲಿನಿಂದ ಕೆರೆದರು. ಗೋಡೆಯ ತೆಳು ಇಟ್ಟಿಗೆಗಳನ್ನು ಕಡಿದು ಕಂಡಿ ಬಿಡಿಸಿದ್ದು, ಅಂಚಿಗೆ ದಪ್ಪನೆಯ ಈಚಿನ ಇಟ್ಟಿಗೆ ಜೋಡಿಸಿದ್ದು ಕೆಳಗೆ ನಿಂತ ನನಗೂ ಕಾಣಿಸಿತು.

ಇಳಿದು ಬಂದು, "ಇಷ್ಟು ವರ್ಷದಿಂದ ಬರ್ತಿದ್ದೀನಲ್ಲಮ್ಮ, ಒಂದ್ಸಲ ಹೇಳಬಾರದಿತ್ತಾ?" ಎಂದರು.

"ನೀವು ಪಾದ್ರಿ ಇಸ್ಯ ಕೇಳುದ್ರಿ, ಗೊತ್ತಿಲ್ಲ ಅಂದೆ. ಬ್ಯಾರನ್ ಇಸ್ಯ ಯಾವತ್ತು ಕೇಳುದ್ರಿ ಸಾ?"

ಹಿಂದಿರುಗುವ ಬಸ್ಸಿನಲ್ಲಿ ಅವರು ಕರಡಚ್ಚನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಅವರು ಸುಮ್ಮನಿದ್ದಿದ್ದರೆ ಆ ಮಾತು ನಮ್ಮ ಮೂವರಲ್ಲೇ ಉಳಿಯುತ್ತಿತ್ತು, ಪುಸ್ತಕವೂ ಹೊರಬರುತ್ತಿತ್ತು. ಅರಕಲಗೂಡು ಬಂದಾಗ ಅವರು ಹೇಳಿದ್ದು ಇಷ್ಟೇ: "ಇಟ್ಟಿಗೆ ಹೊತ್ತವರು ನನಗೆ ಮಜ್ಜಿಗೆ ಕೊಡ್ತಾ ಇದ್ದರು, ಧನ್ಯಾ."

ಮರುದಿನವೇ ಮುದ್ರಣ ನಿಲ್ಲಿಸಿದರು. ನಿವೃತ್ತಿಯ ಗೌರವಕ್ಕೆಂದು ಹಾಸನದಲ್ಲಿ ಏರ್ಪಡಿಸಿದ್ದ ವಿಚಾರ ಸಂಕಿರಣದಲ್ಲಿ, ತಮ್ಮನ್ನು ಹೊಗಳಲು ಸೇರಿದ್ದವರ ಮುಂದೆ, ತಾವೇ ಬರೆದ ಚಿತ್ರವನ್ನು ತೆರೆಯ ಮೇಲೆ ತೋರಿಸಿ, ಎಲ್ಲಿ ತಪ್ಪಿದೆನೆಂದು ಅಧ್ಯಾಪಕರ ಧ್ವನಿಯಲ್ಲೇ ವಿವರಿಸಿದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಹೀಗಾಗಿ ಇಂದು ಅವರ ಕುರಿತ ಪುಸ್ತಕವಿದೆ, ಅವರ ಪುಸ್ತಕವಿಲ್ಲ.

ಆದರೆ ಹೊಸ ನಕ್ಷೆಯೊಂದು ನನ್ನ ಮೇಜಿನ ಮೇಲಿದೆ. ಅದರಲ್ಲಿ ಗಂಟೆಗಳಿಲ್ಲ. ಮೂರು ಕಂಡಿಗಳ ಕೆಳಗೆ ಅವರ ದುಂಡು ಅಕ್ಷರಗಳಿವೆ: "ಬ್ಯಾರನ್ನಿನ ಆವಿಗಂಡಿಗಳು. ತೆರೆಸಿದವರು ಈಶ್ವರಯ್ಯ. ಇಟ್ಟಿಗೆ ಹೊತ್ತವರು ಶಿವಗಂಗಮ್ಮ." ಉಳಿದ ಗೋಡೆಯ ಪಕ್ಕದಲ್ಲಿ ಅದರ ಇಟ್ಟಿಗೆ ಹೊತ್ತವರ ಹೆಸರಿಗೆಂದು ಜಾಗ ಖಾಲಿ ಬಿಟ್ಟಿದ್ದಾರೆ.

ಆ ಜಾಗ ತುಂಬುವಷ್ಟು ದೀರ್ಘಾಯುಷ್ಯವೂ, ಏಣಿ ಹತ್ತುವ ಕಾಲ್ಬಲವೂ ನನ್ನ ಗುರುಗಳಿಗೆ ಇರಲಿ. ಈ ಭಾನುವಾರ ಮತ್ತೆ ಹೋಗುತ್ತಿದ್ದೇವೆ. ಶಿವಗಂಗಮ್ಮನವರನ್ನು ಕೇಳಬೇಕಾದ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ತರಲು ಸರ್ ನನಗೆ ಹೇಳಿದ್ದಾರೆ. ಪಾದ್ರಿಯ ಕುರಿತು ಒಂದನ್ನೂ ಬರೆಯಬಾರದಂತೆ.