ಕ್ಯಾಲೆಂಡರಿನಲ್ಲಿ ಗುರುತು, ಮಾತ್ರೆ ಪಕ್ಕದ ಮನೆಗೆ

ಬಾಗಿಲು ತೆರೆದರೆ ಪಕ್ಕದ ಮನೆಯ ಶಾರದಮ್ಮ. "ನಿಮ್ಮೆಜಮಾನ್ರು ಕೊಡ್ತಿದ್ರಲ್ಲಾ ನೋವಿನ ಮಾತ್ರೆ, ಇನ್ನೊಂದ್ನಾಲ್ಕು ಇದ್ರೆ ಕೊಡ್ರೀ. ಸೊಂಟನೋವೇನೋ ಹೋಯ್ತು, ಈಗ ಅದಿಲ್ದೆ ನಿದ್ದೇನೇ ಬರಲ್ಲ" ಎಂದರು.

ಮಂಡಿ ಆಪರೇಷನ್ ಆದ ನಮ್ಮ ಯಜಮಾನರಿಗೆ ಮೂರು ವಾರದಿಂದ ದಿನಕ್ಕೆರಡು ಸಲ ಆ ಮಾತ್ರೆಯನ್ನು ತಟ್ಟೆಯ ಪಕ್ಕ ಇಟ್ಟು, ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದವಳು ನಾನು. ಆದರೂ ಫಿಸಿಯೋಥೆರಪಿಸ್ಟ್ ಕಾಲು ಮುಟ್ಟಿದರೆ ಸಾಕು, ಇವರ ಚೀರಾಟ ಜೆ.ಪಿ. ನಗರದ ನಮ್ಮ ಬೀದಿಗೆಲ್ಲ ಕೇಳುತ್ತಿತ್ತು. "ಹೀಗಾದ್ರೆ ಮಂಡಿ ಮಡಚೋದೇ ಇಲ್ಲ ಅಂಕಲ್" ಎಂದು ಆಕೆ ಎಚ್ಚರಿಸಿಯೂ ಇದ್ದಳು.

ಇವರೋ ಅಷ್ಟೂ ಮಾತ್ರೆಗಳನ್ನು ಜೇಬಿಗಿಳಿಸಿ, ಕಾಂಪೌಂಡ್ ಮೇಲಿಂದ ದಾಟಿಸುತ್ತಿದ್ದರಂತೆ! ಕೇಳಿದರೆ ಪೇಪರಿನಿಂದ ತಲೆ ಎತ್ತದೆ, "ಅದು ಚಟ ಹತ್ಸುತ್ತೆ ಕಣೇ. ಎಸೆಯೋಕೂ ಮನಸ್ಸು ಬರ್ಲಿಲ್ಲ" ಎಂದರು.

ಮರುದಿನ ಶಾರದಮ್ಮನನ್ನು ನಾನೇ ಡಾಕ್ಟರ ಬಳಿ ಕರೆದೊಯ್ದೆ. ಎಷ್ಟು ದಿನದಿಂದ, ಎಷ್ಟು ಮಾತ್ರೆ ಎಂಬುದು ಅವರಿಗೆ ನೆನಪೇ ಇರಲಿಲ್ಲ. ಗೋಡೆಯಿಂದ ಕ್ಯಾಲೆಂಡರ್ ಇಳಿಸಿಕೊಂಡು ಹೋಗಿದ್ದೆ. ಡಾಕ್ಟರ ಮುಂದೆ ಅದನ್ನೇ ಬಿಚ್ಚಿಟ್ಟೆ.